ಸುಟ್ಟ ಪರಿವರ್ತಕ ಯಾರ ಖಾತೆಗೆ?

ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ,
ಬೆಂಗಳೂರು.

ಮಾನ್ಯರೇ,

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಎಂಜಿನಿಯರ್ ಅಲ್ಲ, ವಕೀಲನೂ ಅಲ್ಲ. ಜಮಾ ಎಲ್ಲಿಂದ ಬಂತು, ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂದು ಕೇಳುವ ಚಟವೊಂದು ಮಾತ್ರ ನನ್ನ ಜೊತೆ ನಿವೃತ್ತಿಯಾಗಲಿಲ್ಲ. ಆ ಚಟವೇ ಈ ಪತ್ರ ಬರೆಸುತ್ತಿದೆ.

ಮಾರ್ಚ್ ತಿಂಗಳು. ಹೊಸ ತೊಗರಿ ಬಂದು ಮಿಲ್‌ಗಳು ಹಗಲು ರಾತ್ರಿ ಓಡುವ ಕಾಲ. ಒಂದು ನಸುಕಿನಲ್ಲಿ ನಮ್ಮ ಭಾಗಕ್ಕೆ ವಿದ್ಯುತ್ ಕೊಡುವ ಉಪಕೇಂದ್ರದ ದೊಡ್ಡ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್, ಕೆಟ್ಟಿತು. ಊರ ಮುಂದೆ ಕಂಬದ ಮೇಲಿರುವ ಸಣ್ಣ ಪರಿವರ್ತಕದ, ನಾವು ಟಿಸಿ ಎನ್ನುವುದರ, ಮಾತಲ್ಲ ಇದು. ಟಿಸಿ ಸುಟ್ಟರೆ ಏನು ಮಾಡಬೇಕೆಂಬುದು ನಮ್ಮ ರೈತರಿಗೆ ಬಾಯಿಪಾಠವಾಗಿದೆ: ಯಾರಿಗೆ ಫೋನ್ ಮಾಡಬೇಕು, ಯಾರ ಟ್ರ್ಯಾಕ್ಟರ್ ಕೇಳಬೇಕು, ಎಷ್ಟು ಜನ ಸೇರಿ ಇಳಿಸಬೇಕು. ಇದು ಹಾಗಲ್ಲ, ಒಂದು ಕೋಣೆಯಷ್ಟು ದೊಡ್ಡದು, ಹತ್ತಾರು ಹಳ್ಳಿ ಮತ್ತು ಒಂದು ಕೈಗಾರಿಕಾ ಪ್ರದೇಶದ ಹೊರೆ ಹೊತ್ತದ್ದು. ಪಕ್ಕದಲ್ಲಿದ್ದ ಇನ್ನೊಂದರ ಮೇಲೆ ಅಷ್ಟೂ ಭಾರ ಹಾಕಲಾಗದೆ ಹತ್ತೊಂಬತ್ತು ದಿನ ಸರದಿಯ ಮೇಲೆ ವಿದ್ಯುತ್ ಬಂತು. ನೆನೆಸಿ ಒಣಗಿಸಲು ಹರಡಿದ ತೊಗರಿಯನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಮಿಲ್‌ನವರಿಗೆ ಹೇಳಬೇಕಿಲ್ಲ. ಬೇಳೆ ಒಡೆಯುವ ಬದಲು ನುಚ್ಚಾಗುತ್ತದೆ. ನುಚ್ಚಿನ ದರ ಬೇರೆ.

ಇಪ್ಪತ್ತನೆಯ ದಿನ ಹೊಸ ಪರಿವರ್ತಕ ಬಂತು. ಜನ ಉಸ್ಸೆಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ದುಡ್ಡು ಯಾರದ್ದು? ಕೇಳಿದವರೆಲ್ಲ ನಕ್ಕರು. ಒಬ್ಬರು "ಸರಕಾರದ್ದು" ಎಂದರು, ಇನ್ನೊಬ್ಬರು "ಕಂಪನಿಯದ್ದು" ಎಂದರು. ಎರಡೂ ತಪ್ಪು ಉತ್ತರ ಎಂದು ಆಮೇಲೆ ತಮ್ಮ ನಿಯಮಾವಳಿ, ಆದೇಶಗಳನ್ನು ಓದುತ್ತಾ ಕುಳಿತಾಗ ಗೊತ್ತಾಯಿತು.

ಆ ಉಪಕೇಂದ್ರದ ಹೆಸರನ್ನಾಗಲಿ ಅದನ್ನು ನಡೆಸುವವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನನ್ನ ಜಗಳ ಒಂದು ಉಪಕೇಂದ್ರದ ಜೊತೆಗಲ್ಲ, ಒಂದು ಲೆಕ್ಕದ ಪದ್ಧತಿಯ ಜೊತೆಗೆ.

ಜುಲೈನಲ್ಲಿ ಆ ಕೆಟ್ಟ ಪರಿವರ್ತಕವನ್ನು ಕಣ್ಣಾರೆ ನೋಡಿದೆ. ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಆಪರೇಟರ್ ಇದ್ದಾರೆ, ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಹಳೆಯ ಪರಿಚಯದ ಮೇಲೆ ಒಳಗೆ ಕೇಳಿ ನನ್ನನ್ನು ಕರೆದುಕೊಂಡು ಹೋದರು. ಆವರಣದ ಹಿಂಬದಿ, ಬೇಲಿಗೆ ತಾಗಿ ಅದು ಕುಳಿತಿತ್ತು. ಅಡಿಯಲ್ಲಿ ಎಣ್ಣೆ ಕುಡಿದು ಕಪ್ಪಾದ ಜಲ್ಲಿ, ಪಕ್ಕದಲ್ಲಿ ಮೊಳಕಾಲೆತ್ತರದ ಹುಲ್ಲು. ಕಾಕಾ ಅದರ ಒಂದು ಬದಿಗೆ ಹೋಗಿ ಬೆರಳಿನಿಂದ ತೋರಿಸಿದ್ದು ಉಪ್ಪಿನಕಾಯಿ ಭರಣಿಯಷ್ಟೇ ಇದ್ದ ಒಂದು ಗಾಜಿನ ಬಟ್ಟಲು. ಅದರೊಳಗೆ ಸಬ್ಬಕ್ಕಿಯಂಥ ಹರಳುಗಳು, ಮಾಸಿದ ಗುಲಾಬಿ ಬಣ್ಣ.

"ಇದು ನೀಲಿ ಇರಬೇಕು" ಎಂದರು ಕಾಕಾ.

ಆ ಹರಳು ಸಿಲಿಕಾ ಜೆಲ್. ಹಗಲು ಬಿಸಿಗೆ ಪರಿವರ್ತಕದೊಳಗಿನ ಎಣ್ಣೆ ಉಬ್ಬುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ಕುಗ್ಗುವಾಗ ಪರಿವರ್ತಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅಕ್ಷರಶಃ ಉಸಿರಾಡುತ್ತದೆ. ಆ ಗಾಳಿಯ ತೇವವನ್ನು ಈ ಹರಳು ಹೀರುತ್ತದೆ. ಒಣಗಿದ್ದಾಗ ನೀಲಿ, ತೇವ ಕುಡಿದು ತುಂಬಿದ ಮೇಲೆ ಗುಲಾಬಿ. ಗುಲಾಬಿಯಾದ ಮೇಲೆ ಬದಲಿಸಬೇಕು, ಇಲ್ಲವೇ ಬಿಸಿ ಮಾಡಿ ಒಣಗಿಸಿ ಮತ್ತೆ ತುಂಬಬೇಕು. ಮಾಡದಿದ್ದರೆ ತೇವ ಎಣ್ಣೆಗೆ ಇಳಿಯುತ್ತದೆ, ಎಣ್ಣೆಯ ನಿರೋಧಕ ಶಕ್ತಿ ಕುಂದುತ್ತದೆ, ಸುರುಳಿಯ ಸುತ್ತಲಿನ ಕಾಗದ ಹಾಳಾಗುತ್ತದೆ. ಕೋಟಿಗಟ್ಟಲೆಯ ಯಂತ್ರದ ಆಯಸ್ಸು ಒಂದು ಬಟ್ಟಲು ಹರಳಿನ ಮೇಲೆ ನಿಂತಿರುತ್ತದೆ.

ಆಗ ನಾನು ಉತ್ಸಾಹದಿಂದ "ಹಾಗಾದರೆ ಇದು ನಿರ್ಲಕ್ಷ್ಯವೇ ಸರಿ" ಎಂದೆ. ಕಾಕಾ ಹಾಗೆ ಹೇಳಲಾಗದೆಂದು ತಲೆಯಾಡಿಸಿದರು. "ಕೆಟ್ಟದ್ದು ಮಾರ್ಚ್‌ನಲ್ಲಿ, ನಾವು ನೋಡುತ್ತಿರುವುದು ಜುಲೈನಲ್ಲಿ. ಎರಡು ತಿಂಗಳ ಮಳೆ ತಿಂದಿದೆ. ಆವತ್ತು ಯಾವ ಬಣ್ಣ ಇತ್ತು ಎಂದು ಇವತ್ತು ಯಾರು ಹೇಳಬೇಕು?"

ಸದಸ್ಯರೇ, ನನ್ನ ಇಡೀ ಪತ್ರ ಆ ಮಾತಿನ ಮೇಲೆ ನಿಂತಿದೆ. ಕೆಟ್ಟ ದಿನ ಆ ಹರಳಿನ ಬಣ್ಣ ಯಾವುದಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿದ್ದರೆ ಖರ್ಚು ಯಾರದ್ದೆಂದು ಹೇಳಬಹುದಿತ್ತು. ಬರೆಯದಿದ್ದರೆ, ತಾನಾಗಿಯೇ, ಸದ್ದಿಲ್ಲದೆ, ಅದು ನಮ್ಮದಾಗುತ್ತದೆ.

ನಮ್ಮ ಮಿಲ್‌ನ ಒಂದು ಪ್ರಸಂಗ ಹೇಳುತ್ತೇನೆ. ಹೈಟೆನ್ಷನ್ ಗ್ರಾಹಕರಾದ್ದರಿಂದ ನಮ್ಮದೇ ಸ್ವಂತ ಪರಿವರ್ತಕವಿತ್ತು. ಒಂದು ವರ್ಷ ಅದು ಸುಟ್ಟಿತು. ಸಾಹುಕಾರರು ಗದ್ದಿಗೆಯ ಮೇಲೆ ಕುಳಿತವರು ಏಳಲೂ ಇಲ್ಲ, ಮೂರು ಪ್ರಶ್ನೆ ಕೇಳಿದರು. ಮಾರಿದವನ ಗ್ಯಾರಂಟಿ ಇನ್ನೂ ಇದೆಯೇ? ವಿಮೆ ಕಟ್ಟಿದ್ದೇವೆಯೇ? ಎಣ್ಣೆ ಕೊನೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ? ಗ್ಯಾರಂಟಿ ಮುಗಿದಿತ್ತು. ವಿಮೆ ಇತ್ತು, ಆದರೆ ಸರ್ವೇಯರ್ ಬಂದು ಎಣ್ಣೆ ಪರೀಕ್ಷೆಯ ಚೀಟಿ ಕೇಳಿದ. ಚೀಟಿ ಇರಲಿಲ್ಲ. ಅರ್ಧಕ್ಕಿಂತ ಕಡಿಮೆ ಹಣ ಬಂತು. ಹಳೆಯ ಪರಿವರ್ತಕದ ಮೇಲೆ ಖಾತೆಯಲ್ಲಿ ಇನ್ನೂ ಉಳಿದಿದ್ದ ಬೆಲೆಯನ್ನು ಆ ವರ್ಷದ ನಷ್ಟಕ್ಕೆ ಬರೆದೆ, ಗುಜರಿಯವನು ಕೊಟ್ಟದ್ದನ್ನು ಜಮಾ ಮಾಡಿದೆ. ಉಳಿದದ್ದು ಸಾಹುಕಾರರ ಲಾಭದಲ್ಲಿ ಕಡಿತ. ಬೇಳೆಯ ದರಕ್ಕೆ ಸೇರಿಸೋಣವೆಂದರೆ ಮಹಾರಾಷ್ಟ್ರದ ಲಾತೂರು, ಅಕೋಲಾದ ಮಿಲ್‌ನವರು ಸುಮ್ಮನಿರುತ್ತಾರೆಯೇ? ಕಿಲೋಗೆ ಐವತ್ತು ಪೈಸೆ ಏರಿಸಿದರೆ ಖರೀದಿದಾರ ಅಲ್ಲಿಗೆ ಫೋನ್ ಮಾಡುತ್ತಾನೆ. ಮುಂದಿನ ತಿಂಗಳಿನಿಂದ ಎಣ್ಣೆ ಪರೀಕ್ಷೆಯ ಚೀಟಿಗೆಂದೇ ನನ್ನ ಮೇಜಿನ ಮೇಲೆ ಒಂದು ಮೊಳೆ ಬಂತು.

ವಿದ್ಯುತ್ತನ್ನು ದೂರದಿಂದ ಉಪಕೇಂದ್ರಗಳಿಗೆ ಸಾಗಿಸುವ ಕೆಲಸಕ್ಕೆ, ಅಂದರೆ ಪ್ರಸರಣಕ್ಕೆ, ಲಾತೂರು ಇಲ್ಲ. ಒಂದು ತಂತಿಯ ಪಕ್ಕ ಇನ್ನೊಂದು ಕಂಪನಿಯ ತಂತಿ ಎಳೆದು ಸ್ಪರ್ಧೆ ಮಾಡಲು ಆಗುವುದಿಲ್ಲ ಎಂಬ ಕಾರಣಕ್ಕೇ ಕಾನೂನು ತಮ್ಮನ್ನು ಅಲ್ಲಿ ಕೂರಿಸಿದೆ. ಸಾಹುಕಾರರಿಗೆ ಲಾತೂರು ಮಾಡುವ ಕೆಲಸವನ್ನು ಪ್ರಸರಣದವರಿಗೆ ತಾವು ಮಾಡಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ. ವಿದ್ಯುಚ್ಛಕ್ತಿ ಕಾಯ್ದೆ 2003ರ 62ನೇ ಕಲಮಿನಡಿ ದರ ನಿಗದಿಯಾಗುವ ಪ್ರಸರಣದಲ್ಲಿ ಆಸ್ತಿಯ ಬೆಲೆಯೇ ಬೇರು. ಬೆಲೆಯನ್ನು ಆಯೋಗ ಒಪ್ಪಿದ ಮೇಲೆ ಅದರಿಂದ ಸವಕಳಿ (ಯಂತ್ರ ಸವೆದಷ್ಟು ಬೆಲೆಯ ವಸೂಲಿ), ಸಾಲದ ಬಡ್ಡಿ, ಬಂಡವಾಳದ ಮೇಲಿನ ಪ್ರತಿಫಲ ವರ್ಷವರ್ಷವೂ ಹುಟ್ಟುತ್ತವೆ. ಇವುಗಳ ಜೊತೆ ನಿರ್ವಹಣಾ ವೆಚ್ಚ ಸೇರಿ ವಿತರಣಾ ಕಂಪನಿಗೆ, ಅಲ್ಲಿಂದ ನಮ್ಮ ಬಿಲ್ಲಿಗೆ ಬರುತ್ತದೆ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2019ರ ದರ ನಿಯಮಾವಳಿಯ (2024ರ ಮಾರ್ಚ್‌ವರೆಗಿನ ಅವಧಿಯದ್ದು) ಅಂಕಿಗಳನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ 61ನೇ ಕಲಮು ಪ್ರಸರಣದ ವಿಷಯದಲ್ಲಿ ರಾಜ್ಯ ಆಯೋಗಗಳಿಗೂ ಕೇಂದ್ರ ಆಯೋಗದ ತತ್ವಗಳನ್ನು ದಾರಿದೀಪವಾಗಿ ತೋರಿಸುತ್ತದೆ. ಸಾಲ 70, ಸ್ವಂತ ಬಂಡವಾಳ 30. ಬಂಡವಾಳದ ಮೇಲೆ ಶೇ 15.5 ಪ್ರತಿಫಲ, ತೆರಿಗೆ ಬೇರೆ. ಸವಕಳಿ ಮೊದಲ 12 ವರ್ಷ ಶೇ 5.28. ಉಪಕೇಂದ್ರದ ಆಯಸ್ಸು 25 ವರ್ಷ, ತಂತಿಮಾರ್ಗದ್ದು 35.

ಒಂದು ಕೋಟಿ ರೂಪಾಯಿಯ ಪರಿವರ್ತಕ ಎಂದಿಟ್ಟುಕೊಳ್ಳಿ. ಬೆಲೆ ನಾನು ಲೆಕ್ಕಕ್ಕೆಂದು ಇಟ್ಟದ್ದು, ನಿಜವಾದದ್ದಲ್ಲ. ಹತ್ತು ವರ್ಷ ಓಡಿ ಸುಟ್ಟಿತು. ಅಷ್ಟು ಹೊತ್ತಿಗೆ ಗ್ರಾಹಕರು ಸವಕಳಿಯ ರೂಪದಲ್ಲಿ 52.8 ಲಕ್ಷ ಕೊಟ್ಟಾಗಿದೆ. ಖಾತೆಯಲ್ಲಿ ಉಳಿದದ್ದು 47.2 ಲಕ್ಷ. ಈಗ ಹೊಸದು ಬರುತ್ತದೆ, ಬೆಲೆ ಏರಿರುವುದರಿಂದ ಒಂದೂವರೆ ಕೋಟಿ. ಹೊಸದರ ಬಂಡವಾಳ 45 ಲಕ್ಷ, ಅದರ ಪ್ರತಿಫಲ ವರ್ಷಕ್ಕೆ ಸುಮಾರು 7 ಲಕ್ಷ. ಸವಕಳಿ 7.92 ಲಕ್ಷ. ಸಾಲದ ಬಡ್ಡಿ ಶೇ 9 ಎಂದರೆ 9.45 ಲಕ್ಷ. ಒಟ್ಟು 24 ಲಕ್ಷ ದಾಟಿತು. ಇರಲಿ, ಓಡುವ ಯಂತ್ರಕ್ಕೆ ಕೊಡೋಣ.

ಆದರೆ ಹಳೆಯದು? ಬೇಲಿಯ ಪಕ್ಕ ಹುಲ್ಲಿನಲ್ಲಿ ಕುಳಿತದ್ದು? ಅದನ್ನು ಆಸ್ತಿಯ ಪಟ್ಟಿಯಿಂದ ಹೊರತೆಗೆಯದಿದ್ದರೆ ಅದರ 30 ಲಕ್ಷ ಬಂಡವಾಳಕ್ಕೆ ವರ್ಷಕ್ಕೆ 4.65 ಲಕ್ಷ ಪ್ರತಿಫಲ ನಡೆದೇ ಇರುತ್ತದೆ. ಸವಕಳಿ 5.28 ಲಕ್ಷ, ಉಳಿದ ಸಾಲದ ಮೇಲೆ ಬಡ್ಡಿ ಒಂದೂವರೆ ಲಕ್ಷ. ಒಂದು ಯೂನಿಟ್ ವಿದ್ಯುತ್ತನ್ನೂ ಸಾಗಿಸದ ಹೆಣಕ್ಕೆ ವರ್ಷಕ್ಕೆ ಹನ್ನೊಂದೂವರೆ ಲಕ್ಷ ಸಂಬಳ. ಕೇಂದ್ರ ಆಯೋಗದ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಆಸ್ತಿಯನ್ನು ಕೈಬಿಟ್ಟ ವರ್ಷವೇ ಅದರ ಮೂಲ ಬೆಲೆಯನ್ನು ಒಟ್ಟು ಆಸ್ತಿಯಿಂದ ಕಳೆಯಬೇಕು, ಅದಕ್ಕೆ ಸೇರಿದ ಸಾಲ ಮತ್ತು ಬಂಡವಾಳವನ್ನೂ ಕಳೆಯಬೇಕು. ನಿಯಮ ಇದೆ. ನನಗೆ ಬೇಕಿರುವುದು ಅದನ್ನು ಪಾಲಿಸಿದ್ದು ಹೊರಗಿನವರಿಗೆ ಕಾಣುವ ಹಾಗೆ ಒಂದು ಪುಟ. ಯಾವ ಉಪಕೇಂದ್ರದ ಯಾವ ಉಪಕರಣ, ಯಾವ ವರ್ಷ ಬಂದದ್ದು, ಯಾವ ದಿನ ಕೆಟ್ಟದ್ದು, ಎಷ್ಟು ಕಳೆಯಲಾಯಿತು, ಗುಜರಿಗೆ ಎಷ್ಟು ಬಂತು. ವಾರ್ಷಿಕ ಅರ್ಜಿಯಲ್ಲಿ "ಆಸ್ತಿ ಕೈಬಿಟ್ಟದ್ದು" ಎಂಬ ಒಂದೇ ಸಾಲಿನ ಒಟ್ಟು ಮೊತ್ತ ನೋಡಿದರೆ ನನಗೆ ಸಾಹುಕಾರರ ಮುಖ ನೆನಪಾಗುತ್ತದೆ. "ಇತರೆ ಖರ್ಚು" ಎಂದು ಬರೆದುಕೊಂಡು ಹೋದರೆ ಅವರು ಕಿರ್ದಿಯನ್ನೇ ಹಿಂದಕ್ಕೆ ತಳ್ಳುತ್ತಿದ್ದರು.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಸಿಲಿಕಾ ಜೆಲ್ ಬದಲಿಸುವುದು, ಎಣ್ಣೆ ಶೋಧಿಸುವುದು, ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆ ಮಾಡಿಸುವುದು, ಇವೆಲ್ಲ ನಿರ್ವಹಣೆಯ ಖರ್ಚು. ಆ ಖರ್ಚಿಗೆ ದರದಲ್ಲಿ ಒಂದು ಮಿತಿಯ ಮೊತ್ತ ಸಿಗುತ್ತದೆ. ಮಿತಿ ಮೀರಿದರೆ ಕಂಪನಿಯ ಕೈಯಿಂದ, ಉಳಿಸಿದರೆ ಕಂಪನಿಗೆ ಅನುಕೂಲ. ಹೊಸ ಪರಿವರ್ತಕ ಕೊಳ್ಳುವುದು ಬಂಡವಾಳ ವೆಚ್ಚ. ಅದಕ್ಕೆ ಬಡ್ಡಿಯೂ ಉಂಟು, ಪ್ರತಿಫಲವೂ ಉಂಟು. ಅಂದರೆ ಜೋಪಾನ ಮಾಡಿದವನಿಗೆ ಒಂದು ಪೈಸೆ ಹೆಚ್ಚಿಲ್ಲ, ಕೆಡಲು ಬಿಟ್ಟು ಹೊಸದು ತಂದವನ ಆಸ್ತಿ ಬೆಳೆಯುತ್ತದೆ. ಯಾರೂ ಹೀಗೆ ಲೆಕ್ಕ ಹಾಕಿ ಬೇಕೆಂದೇ ಪರಿವರ್ತಕ ಸುಡುತ್ತಾರೆಂದು ನಾನು ಹೇಳುತ್ತಿಲ್ಲ. ನಡುರಾತ್ರಿ ಮಳೆಯಲ್ಲಿ ಕಂಬ ಹತ್ತುವವರನ್ನು ನಾನು ನೋಡಿದ್ದೇನೆ. ಆದರೆ ಲೆಕ್ಕದ ಪದ್ಧತಿಗೆ ಒಂದು ವಾಲು ಇರುತ್ತದೆ, ನೀರು ವಾಲಿನ ಕಡೆಗೇ ಹರಿಯುತ್ತದೆ. ಕೇಂದ್ರ ಆಯೋಗಕ್ಕೂ ಇದರ ಸುಳಿವು ಸಿಕ್ಕಿದಂತೆ ಕಾಣುತ್ತದೆ. ಮೂಲ ಯೋಜನೆಯ ವ್ಯಾಪ್ತಿಯ ಹೊರಗೆ, ಗಡುವು ಮುಗಿದ ಮೇಲೆ ಸೇರಿಸುವ ಬಂಡವಾಳಕ್ಕೆ, ಕಾನೂನು ಬದಲಾವಣೆಯಿಂದ ಬಂದದ್ದನ್ನು ಬಿಟ್ಟು, ಪೂರ್ಣ ಪ್ರತಿಫಲ ಕೊಡದೆ ಕಂಪನಿಯ ಸಾಲದ ಸರಾಸರಿ ಬಡ್ಡಿ ದರವನ್ನಷ್ಟೇ ಕೊಡುವಂತೆ 2019ರಲ್ಲಿ ಬರೆಯಿತು.

ಬಿಡಿಭಾಗಗಳ ಮಾತನ್ನೂ ಹೇಳಿಬಿಡುತ್ತೇನೆ. ಅದೇ ನಿಯಮಾವಳಿ ಹೊಸ ಜಾಗದಲ್ಲಿ ಉಪಕೇಂದ್ರ ಕಟ್ಟುವಾಗ ಯಂತ್ರೋಪಕರಣದ ಬೆಲೆಯ ಶೇ 4ರವರೆಗೆ, ಇರುವ ಉಪಕೇಂದ್ರ ವಿಸ್ತರಿಸುವಾಗ ಶೇ 6ರವರೆಗೆ ಆರಂಭಿಕ ಬಿಡಿಭಾಗಗಳನ್ನು ಯೋಜನಾ ವೆಚ್ಚಕ್ಕೆ ಸೇರಿಸಲು ಬಿಟ್ಟಿತ್ತು. ಹೀಗೆ ಮೊದಲೇ ದುಡ್ಡು ಕೊಟ್ಟ ಕಡೆ, ಒಂದು ಬುಶಿಂಗ್ (ತಂತಿ ಪರಿವರ್ತಕದೊಳಗೆ ಹೋಗುವ ಜಾಗದ ನಿರೋಧಕ ಕೊಳವೆ) ಒಡೆದಾಗ ಮತ್ತೆ ಹೊಸ ಬುಶಿಂಗ್‌ನ ಬಿಲ್ ಬಂದರೆ, ಮೊದಲಿನದು ಯಾವ ಉಗ್ರಾಣದಲ್ಲಿದೆ ಎಂದು ಕೇಳುವುದು ನ್ಯಾಯವಲ್ಲವೇ?

ನ್ಯಾಯದ ಇನ್ನೊಂದು ಬದಿಯನ್ನೂ ನೋಡಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮೆ ಬಂದದ್ದು ಈ ಜಿಲ್ಲೆಯವರು ಮರೆತಿಲ್ಲ. ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳು, ಕೆಳಗೆ ಯಾದಗಿರಿಯ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಅಂಥ ನೀರು ಒಂದು ಗೋಪುರದ ಬುಡ ಕೊಚ್ಚಿದರೆ, ಕಂಬ ಸಾಲುಸಾಲಾಗಿ ಮಲಗಿದರೆ, ಅದರ ಬೆಲೆಯನ್ನು ಕಂಪನಿಯೇ ಹೊರಲಿ ಎಂದು ನಾನು ಹೇಳುವುದಿಲ್ಲ. ಯಾರ ತಪ್ಪೂ ಅಲ್ಲದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು, ವಿಮೆಯಲ್ಲಿ ಬಂದದ್ದನ್ನು ಮೊದಲು ಕಳೆದು. ಮೇ ತಿಂಗಳ ಸಿಡಿಲಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಸ್ವಲ್ಪ ನಿಂತು. ಉಪಕೇಂದ್ರಕ್ಕೆ ಸಿಡಿಲು ಬೀಳುತ್ತದೆಂದು ಗೊತ್ತಿದ್ದೇ ಸಿಡಿಲು ನಿರೋಧಕ ಹಾಕಿರುತ್ತಾರೆ. ಅದು ಕೆಲಸ ಮಾಡಿತೇ? ಭೂಸಂಪರ್ಕದ (ಅರ್ಥಿಂಗ್‌ನ) ರೋಧವನ್ನು ಕೊನೆಯ ಬಾರಿ ಅಳೆದದ್ದು ಯಾವಾಗ? ನಮ್ಮ ಕರಿನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಣ್ಣು ಒಣಗಿದರೆ ಭೂಸಂಪರ್ಕ ಕೆಡುತ್ತದೆ. ಸಿಡಿಲು ದೇವರದ್ದು, ಭೂಸಂಪರ್ಕಕ್ಕೆ ನೀರು ಹಾಕುವುದು ಮನುಷ್ಯನದ್ದು.

"ದೇವರ ಕೃತ್ಯ" ಎಂಬ ಪದಕ್ಕೆ ಈ ಕ್ಷೇತ್ರದಲ್ಲಿ ಎಷ್ಟು ಬೆಲೆಯಿದೆ ಎಂದು ಓದಿದಾಗ ಬೆರಗಾದೆ. ಪ್ರಸರಣ ಶುಲ್ಕ ಪೂರ್ತಿ ಸಿಗಬೇಕಾದರೆ ವ್ಯವಸ್ಥೆ ಇಂತಿಷ್ಟು ಹೊತ್ತು ಲಭ್ಯವಿರಬೇಕು, ಕೇಂದ್ರದ 2019ರ ನಿಯಮದಲ್ಲಿ ಎಸಿ ವಿದ್ಯುತ್ ಜಾಲಕ್ಕೆ ಅದು ಶೇ 98. ಉಪಕರಣ ಕೆಟ್ಟು ನಿಂತರೆ ಲಭ್ಯತೆ ಇಳಿದು ಆದಾಯಕ್ಕೆ ಪೆಟ್ಟು. ಆದರೆ ಕೆಟ್ಟದ್ದು ದೇವರ ಕೃತ್ಯದಿಂದ ಎಂದು ಒಪ್ಪಿಗೆಯಾದರೆ ಆ ಅವಧಿಯನ್ನೇ ಲೆಕ್ಕದಿಂದ ಬಿಡಲಾಗುತ್ತದೆ. ಅಂದರೆ ಒಂದು ಪ್ರಮಾಣಪತ್ರದಿಂದ ಎರಡು ಲಾಭ: ನಿಂತ ದಿನಗಳ ಶುಲ್ಕವೂ ಉಳಿಯಿತು, ಬದಲಿ ಉಪಕರಣದ ಬೆಲೆ ಕೇಳಲು ದಾರಿಯೂ ತೆರೆಯಿತು. ಇಲ್ಲಿ ಕೇಂದ್ರದ ನಿಯಮ ಒಂದು ಒಳ್ಳೆಯ ಬೇಲಿ ಹಾಕಿದೆ. ಕೆಟ್ಟದ್ದು ಕೈಮೀರಿದ ಘಟನೆಯಿಂದಲೇ ಹೊರತು ವಿನ್ಯಾಸದ ದೋಷದಿಂದಲ್ಲ ಎಂದು ಪ್ರಾದೇಶಿಕ ವಿದ್ಯುತ್ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಮನವರಿಕೆ ಮಾಡಿಕೊಡುವ ಹೊಣೆ ಪ್ರಸರಣದವರದ್ದೇ. ತೋರಿಸಬೇಕಾದವರು ಅವರು, ಹುಡುಕಬೇಕಾದವರು ನಾವಲ್ಲ. ಈ ಒಂದು ಸಾಲನ್ನು ಲಭ್ಯತೆಯ ಲೆಕ್ಕದಿಂದ ಎತ್ತಿ ಬದಲಿ ಉಪಕರಣದ ಬೆಲೆಯ ಲೆಕ್ಕಕ್ಕೂ ತಂದು ಇಟ್ಟರೆ ನನ್ನ ಅರ್ಜಿಯ ಮುಕ್ಕಾಲು ಭಾಗ ಈಡೇರಿದಂತೆ.

ತತ್ವಕ್ಕೂ ಬರವಿಲ್ಲ. 2011ರ ಏಪ್ರಿಲ್ 27ರಂದು ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಆದೇಶ ಕೊಟ್ಟಿತು. ಅದು ವಿದ್ಯುತ್ ಸ್ಥಾವರ ಕಟ್ಟುವುದು ತಡವಾದ ಪ್ರಕರಣ, ಪ್ರಸರಣದ್ದಲ್ಲ. ಆದರೂ ಮಂಡಳಿ ಹಾಕಿಕೊಟ್ಟ ಗೆರೆ ಇಲ್ಲಿಗೂ ಸಲ್ಲುತ್ತದೆ. ಕಂಪನಿಯ ಅವಿವೇಕದಿಂದಲೇ ಆದದ್ದಾದರೆ ಹೆಚ್ಚುವರಿ ಖರ್ಚು ಕಂಪನಿಗೆ. ಕೈಮೀರಿದ್ದಾದರೆ ಖರ್ಚನ್ನು ದರದಲ್ಲಿ ಒಪ್ಪಬಹುದು, ಆದರೆ ವಿಮೆಯ ಹಣ ಮತ್ತು ಗುತ್ತಿಗೆದಾರನಿಂದ ಬಂದ ದಂಡವನ್ನು ಕಳೆದು. ಎರಡರ ನಡುವಿನದಾದರೆ ಇಬ್ಬರೂ ಹಂಚಿಕೊಳ್ಳಬೇಕು. ನಮ್ಮ ಸಾಹುಕಾರರ ಮೂರು ಪ್ರಶ್ನೆಗೂ ಈ ಮೂರು ಕಂತೆಗೂ ಹೆಚ್ಚು ದೂರವಿಲ್ಲ. ಆದರೆ ಯಾವ ಕಂತೆಗೆ ಹಾಕಬೇಕೆಂದು ಹೇಳಬೇಕಾದರೆ ಕೆಟ್ಟ ಕಾರಣ ಗೊತ್ತಿರಬೇಕು. ಕಾರಣ ಗೊತ್ತಿಲ್ಲದ ಖರ್ಚೆಲ್ಲ ಎರಡನೆಯ ಕಂತೆಗೆ ಜಾರಿಕೊಳ್ಳುತ್ತದೆ.

ಬೇರೆ ರೀತಿಯ ವ್ಯವಸ್ಥೆ ನಮ್ಮ ನೆರೆಯಲ್ಲೇ ಇದೆ. ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್‌ನ ಎರಡು ಮಾರ್ಗಗಳಿವೆ. ಒಂದು ಕೇಂದ್ರ ಸರಕಾರದ ಪ್ರಸರಣ ಕಂಪನಿ ಪವರ್ ಗ್ರಿಡ್‌ನದ್ದು. 2013ರ ಡಿಸೆಂಬರ್ 31ರಂದು ಅದು ಚಾಲೂ ಆದಾಗಲೇ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯದಲ್ಲಿ ಕೂಡಿಕೊಂಡದ್ದು. ಅದರ ದರ ವೆಚ್ಚದ ಮೇಲೆ ನಿಗದಿಯಾಗುವ ಬಗೆಯದ್ದು. ಇನ್ನೊಂದು ಕಾಯ್ದೆಯ 63ನೇ ಕಲಮಿನಡಿ ಹರಾಜಿನಲ್ಲಿ ಖಾಸಗಿಯವರು ಪಡೆದದ್ದು, ವರ್ಷಕ್ಕೆ ಇಷ್ಟು ಶುಲ್ಕ ಎಂದು ಮೊದಲೇ ಕೂಗಿದ್ದಾರೆ. ಎರಡನೆಯದರಲ್ಲಿ ಇನ್ಸುಲೇಟರ್ ಒಡೆದರೆ ಕೂಗಿದ ಶುಲ್ಕದಲ್ಲೇ ಅದನ್ನು ಸರಿದೂಗಿಸಿಕೊಳ್ಳಬೇಕು, ಒಪ್ಪಂದದಲ್ಲಿ ಹೇಳಿದ ಮಹಾ ಅವಘಡಗಳ ಹೊರತು. ಅದೇ ಎರಡು ಊರು, ಅದೇ ಗಾಳಿ ಮಳೆ, ಒಡೆದ ಇನ್ಸುಲೇಟರ್‌ನ ಬಾಕಿ ಮಾತ್ರ ಬೇರೆ ಬೇರೆ ಖಾತೆಗೆ. ಎಲ್ಲವನ್ನೂ ಹರಾಜು ಹಾಕಿ ಎಂದು ನನ್ನ ಸಲಹೆಯಲ್ಲ. ಜಾಲ ಹಬ್ಬಿಸಲು ಹರಾಜು ನಡೆದೀತು, ನಲವತ್ತು ವರ್ಷದ ಹಳೆಯ ಉಪಕೇಂದ್ರ ಸಾಕಲು ನಡೆಯದು. ವೆಚ್ಚದ ಮೇಲೆ ದರ ಪಡೆಯುವವರಿಗೆ ಅಪಾಯ ಕಡಿಮೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಅಪಾಯ ಕಡಿಮೆ ಇರುವವರು ಲೆಕ್ಕವನ್ನಾದರೂ ಹೆಚ್ಚು ಕೊಡಬೇಕು.

ಇನ್ನು ನಮ್ಮ ಭಾಗಕ್ಕೇ ಸೇರಿದ ವಿಷಯ. 220 ಕಿಲೋವೋಲ್ಟ್ ಮತ್ತು ಮೇಲಿನ ಉಪಕೇಂದ್ರಗಳಲ್ಲಿ ಉಪಕರಣ ಕೆಟ್ಟರೆ ತನಿಖೆ ಮಾಡಲು ಕೇಂದ್ರ ವಿದ್ಯುತ್ ಪ್ರಾಧಿಕಾರದ ಒಂದು ತಜ್ಞರ ಸ್ಥಾಯಿ ಸಮಿತಿ ಇದೆ. ಆ ಸಮಿತಿಯ ವರದಿಗಳು ಓದಲು ಸಿಗುತ್ತವೆ: ಉಪಕರಣದ ವಯಸ್ಸು, ಕೊನೆಯ ಪರೀಕ್ಷೆಯ ಫಲಿತಾಂಶ, ಕೆಟ್ಟ ಕ್ಷಣದಲ್ಲಿ ಯಾವ ರಿಲೇ (ದೋಷ ಪತ್ತೆಹಚ್ಚುವ ಸಾಧನ) ಕೆಲಸ ಮಾಡಿತು ಎಂಬುದರವರೆಗೆ. ಓದಿ ಹೊಟ್ಟೆಕಿಚ್ಚಾಯಿತು. ಏಕೆಂದರೆ ಬೀದರ್, ಕಲಬುರಗಿ, ಯಾದಗಿರಿಯ ಹಳ್ಳಿಗಳಿಗೆ, ಮಿಲ್‌ಗಳಿಗೆ ವಿದ್ಯುತ್ ಇಳಿಸಿಕೊಡುವ ಪರಿವರ್ತಕಗಳಲ್ಲಿ ಹೆಚ್ಚಿನವು 110 ಮತ್ತು 33 ಕಿಲೋವೋಲ್ಟ್‌ನವು. ಬೆಂಗಳೂರು, ಮೈಸೂರು ಕಡೆ 66 ಇದ್ದ ಹಾಗೆ. ಅವು ಆ ಸಮಿತಿಯ ಗೆರೆಯ ಕೆಳಗೆ ಉಳಿಯುತ್ತವೆ. ದೊಡ್ಡವರ ಮರಣಕ್ಕೆ ಮರಣೋತ್ತರ ಪರೀಕ್ಷೆ, ನಮ್ಮವರದ್ದಕ್ಕೆ ಗುಜರಿಯ ತಕ್ಕಡಿ. ಆ ಗೆರೆಯ ಕೆಳಗಿನದ್ದನ್ನು ನೋಡಿಕೊಳ್ಳಲು ತಮಗಿಂತ ಬೇರೆ ಯಾರೂ ಇಲ್ಲ.

ಆದ್ದರಿಂದ ಕೇಳುತ್ತೇನೆ. 110, 66 ಅಥವಾ 33 ಕಿಲೋವೋಲ್ಟ್‌ನ ಪರಿವರ್ತಕ ಇಲ್ಲವೇ ಬ್ರೇಕರ್ (ದೋಷ ಬಂದಾಗ ವಿದ್ಯುತ್ ಕಡಿಯುವ ಸಾಧನ) ಕೆಟ್ಟರೆ, ಅದೇ ದಿನ ಸ್ಥಳದಲ್ಲಿ ಒಂದು ಟಿಪ್ಪಣಿ ಬರೆದು ಫೋಟೊ ಸಮೇತ ಇಡುವಂತೆ ಆದೇಶಿಸಿ. ಎಣ್ಣೆಯ ಮಟ್ಟ, ಜೆಲ್‌ನ ಬಣ್ಣ, ಕೊನೆಯ ಮೂರು ಪರೀಕ್ಷೆಗಳ ಚೀಟಿ, ಆ ಹೊತ್ತಿನ ಹೊರೆ. ಟಿಪ್ಪಣಿ ಇಲ್ಲದ ಬದಲಿ ಉಪಕರಣದ ಬೆಲೆಯನ್ನು ಆಸ್ತಿಗೆ ಸೇರಿಸಲು ಒಪ್ಪಬೇಡಿ. ಟಿಪ್ಪಣಿ ಇದ್ದೂ ನಿರ್ವಹಣೆಯ ಲೋಪ ಕಂಡರೆ ಉಪಕರಣದ ಬೆಲೆ ಒಪ್ಪಿಕೊಂಡು ಅದರ ಮೇಲಿನ ಪ್ರತಿಫಲವನ್ನಾದರೂ ಹಿಡಿದಿಡಿ. ವಿಮೆಯ ವಿಷಯದಲ್ಲೂ ಒಂದು ಮಾತು: ಪವರ್ ಗ್ರಿಡ್ ತನ್ನ ಆಸ್ತಿಗೆ ಸ್ವಯಂವಿಮೆಯ ಮೀಸಲು ಇಟ್ಟುಕೊಂಡಿರುವುದು ಅದರ ವಾರ್ಷಿಕ ವರದಿಯಲ್ಲೇ ಇದೆ. ಹೊರಗಿನ ವಿಮೆಯೋ ಒಳಗಿನ ಮೀಸಲೋ, ಯಾವುದಾದರೂ ಸರಿ. ಎರಡೂ ಇಲ್ಲದಿದ್ದರೆ ವಿಮೆಗಾರ ನಾನೇ, ನನ್ನ ಒಪ್ಪಿಗೆ ಮಾತ್ರ ಯಾರೂ ಕೇಳಿಲ್ಲ.

ಇಲ್ಲಿ ನನಗೇ ಒಂದು ಹೆದರಿಕೆಯಿದೆ, ಮುಚ್ಚಿಡುವುದಿಲ್ಲ. ಖರ್ಚು ಒಪ್ಪುವುದಿಲ್ಲ ಎಂದು ತಾವು ಬಿಗಿ ಮಾಡಿದರೆ, ಕಂಪನಿಯವರು ಬದಲಿ ತರುವುದನ್ನೇ ನಿಧಾನ ಮಾಡಿದರೆ? ಹತ್ತೊಂಬತ್ತು ದಿನ ಐವತ್ತು ದಿನವಾದರೆ? ಬೆಂಗಳೂರಿನಿಂದ ಆರುನೂರು ಕಿಲೋಮೀಟರ್ ದೂರದಲ್ಲಿ ಇರುವವರಿಗೆ ಈ ಹೆದರಿಕೆ ಸಹಜ. ಆದ್ದರಿಂದ ಬದಲಾಯಿಸುವುದಕ್ಕೂ ಬಾಕಿ ಬರೆಯುವುದಕ್ಕೂ ಗಂಟು ಹಾಕಬೇಡಿ. ಮೊದಲು ಬದಲಾಗಲಿ. ಮೊತ್ತವನ್ನು ತಾತ್ಕಾಲಿಕವಾಗಿ ಬೇರೆ ಖಾತೆಯಲ್ಲಿಡಿ. ಕಾರಣದ ವರದಿ ಬಂದ ಮೇಲೆ ವಾರ್ಷಿಕ ಪರಾಮರ್ಶೆಯಲ್ಲಿ ಅದು ಯಾರ ಖಾತೆಗೆ ಹೋಗಬೇಕೋ ಹೋಗಲಿ. ನಿರ್ವಹಣೆಗೆ ಹಣ ಸಾಲದೆಂದು ಕಂಪನಿ ಹೇಳಿದರೆ, ಎಣ್ಣೆ ಪರೀಕ್ಷೆಗೆಂದೇ ಹೆಸರಿಟ್ಟು ಹೆಚ್ಚು ಕೊಡಿ. ನಾನು ಕೈಯೆತ್ತಿ ಬೆಂಬಲಿಸುತ್ತೇನೆ.

"ನಮಗೇಕೆ ಈ ಉಸಾಬರಿ, ಬಿಲ್ ಸೊನ್ನೆ ಬರುತ್ತದೆ" ಎನ್ನುವವರು ನಮ್ಮ ಓಣಿಯಲ್ಲೇ ಇದ್ದಾರೆ. 2023ರ ಜುಲೈನಿಂದ ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್‌ವರೆಗೆ ಸರಕಾರ ಕಟ್ಟುತ್ತದೆ, ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೂ ಅದೇ ಕಟ್ಟುತ್ತದೆ. ಸೊನ್ನೆ ಬಿಲ್ ಬಂದರೂ ಯೂನಿಟ್‌ನ ದರ ಸೊನ್ನೆಯಾಗಿಲ್ಲ. ದರ ಏರಿದಷ್ಟೂ ಸರಕಾರದ ಸಹಾಯಧನ ಏರುತ್ತದೆ, ಆ ಹಣ ನಮ್ಮ ಶಾಲೆ, ರಸ್ತೆ, ಆಸ್ಪತ್ರೆಗೆ ಇದ್ದ ಹಣವೇ. ಪೈಸೆ ಸಣ್ಣದೆಂಬ ಭಾವನೆ ಬೇಡ. 2025ರಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿದಾಗ ಮಿಲ್‌ಗಳ ಲೆಕ್ಕದಲ್ಲಿ ಅದು ಎಷ್ಟಾಯಿತೆಂದು ನನ್ನ ಜಾಗಕ್ಕೆ ಬಂದ ಹುಡುಗ ಫೋನ್ ಮಾಡಿ ಹೇಳಿದ. ಆ 36 ಪೈಸೆಗೆ ಕನಿಷ್ಠ ಒಂದು ಹೆಸರಿತ್ತು, ಬೈಯುವವರು ಹೆಸರಿಟ್ಟು ಬೈದರು. ಸುಟ್ಟ ಪರಿವರ್ತಕದ ಪೈಸೆಗೆ ಹೆಸರೇ ಇಲ್ಲ.

ತಮ್ಮ ಆಯೋಗ ದರ ಪರಿಷ್ಕರಣೆಗೆ ಮುಂಚೆ ಕಲಬುರಗಿಗೂ ಬಂದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಕಳೆದ ಸಲ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಎದ್ದು ಮಾತಾಡಿದವರು ಟಿಸಿ ಬಗ್ಗೆ, ಹಗಲು ತ್ರೀಫೇಸ್ ಬಗ್ಗೆ, ಜೋತುಬಿದ್ದ ತಂತಿಯ ಬಗ್ಗೆ ಹೇಳಿದರು. ಎಲ್ಲವೂ ನಿಜ. ಪ್ರಸರಣದ ಆಸ್ತಿಪಟ್ಟಿಯ ಬಗ್ಗೆ ಒಬ್ಬರೂ ಬಾಯಿ ತೆರೆಯಲಿಲ್ಲ, ನಾನೂ ತೆರೆಯಲಿಲ್ಲ. ಇಂಗ್ಲಿಷಿನ ಆ ದಪ್ಪ ಅರ್ಜಿ ಓದಿ ಬರಲು ನನಗೆ ಧೈರ್ಯ ಸಾಲಲಿಲ್ಲ ಎಂಬುದೇ ಸತ್ಯ. ಕಾಯ್ದೆಯ 94ನೇ ಕಲಮಿನ ಮೂರನೇ ಉಪಕಲಮು ಗ್ರಾಹಕರ ಪರವಾಗಿ ವಾದಿಸಲು ಯಾರನ್ನಾದರೂ ನೇಮಿಸುವ ಅಧಿಕಾರವನ್ನು ತಮಗೆ ಕೊಟ್ಟಿದೆ. ಈ ಮೂರು ಜಿಲ್ಲೆಗಳಿಗೆ ಹಾಗೆ ಒಬ್ಬರನ್ನು, ಲೆಕ್ಕ ಬಲ್ಲವರನ್ನು, ಕೊಡಿ. ಆ ಅರ್ಜಿಯ ಆಸ್ತಿ ಸೇರ್ಪಡೆ ಮತ್ತು ಕೈಬಿಟ್ಟ ಆಸ್ತಿಯ ಪುಟಗಳನ್ನಾದರೂ ಕನ್ನಡದಲ್ಲಿ ಪ್ರಕಟಿಸಲು ಹೇಳಿ.

ಮುಂದಿನ ವಿಚಾರಣೆಗೆ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಕಾಕಾ ಕೂಡ ಬರುತ್ತೇನೆಂದಿದ್ದಾರೆ. ನನ್ನ ಮೊಬೈಲ್‌ನಲ್ಲಿ ಆ ಗಾಜಿನ ಬಟ್ಟಲಿನ ಫೋಟೊ ಇದೆ, ಜುಲೈನಲ್ಲಿ ತೆಗೆದದ್ದು. ಮಾರ್ಚ್‌ನಲ್ಲಿ ತೆಗೆದ ಫೋಟೊ ಯಾರ ಬಳಿಯಾದರೂ ಇದ್ದರೆ ಅದನ್ನು ಪಕ್ಕದಲ್ಲಿಟ್ಟು ನೋಡಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ದಾಲ್ ಮಿಲ್‌ನ ನಿವೃತ್ತ ಲೆಕ್ಕಿಗ,
ಕಲಬುರಗಿ